ಅಳತೀ ವಹಿ

ಶಹಾಪುರದ ಈ ಓಣ್ಯಾಗ ಇಪ್ಪತ್ತಾರ ವರ್ಷ ಆತು
ನನ್ನ ಮಷೀನು ಟಕಟಕ ಅನ್ನಾಕ ಹತ್ತಿ.
ಯಾರ ಸೊಂಟ ಎಷ್ಟ ಏರಿತು, ಯಾರಿಗೆ ಎಷ್ಟ ತಿಂಗಳು,
ಎಲ್ಲಾ ಈ ಕೆಂಪ ರಟ್ಟಿನ ವಹಿಯೊಳಗ ಐತಿ.
ನಾ ಬಾಯಿ ಬಿಡೂದಿಲ್ಲ.
ದರ್ಜಿ ಬಾಯಾಗ ಯಾವಾಗ್ಲೂ ಟಾಚಣಿ ಇರತಾವು.

ಸಂಪದಾ, ಮೌನೇಶ ಬಡಿಗೇರನ ಮಗಳು. ಪುಟ ತೆಗದ ನೋಡ್ರಿ.
ಐದನೇ ಇಯತ್ತೆ: ಭುಜದಿಂದ ಸೊಂಟಕ್ಕ ಎಡ ಹನ್ನೆರಡು, ಬಲ ಹನ್ನೆರಡು.
ಆರನೇದು: ಹನ್ನೆರಡೂವರಿ, ಹದಿಮೂರು.
"ನೆಟ್ಟಗ ನಿಂದರವ್ವಾ" ಅಂದೆ.
"ನೆಟ್ಟಗ ನಿಂತೇನ್ರೀ ಚಾಚಿ" ಅಂದ್ಲು.
ಏಳನೇದು: ಹದಿಮೂರು, ಹದಿನಾಲ್ಕೂಕಾಲು.
ಎಂಟನೇದು ಬರದೇ ಇಲ್ಲ. ಅಂದಾಜಿಲೆ ಹೊಲದೆ.

ಡಾಕ್ಟರಕಿಂತ ಮೂರ ವರ್ಷ ಮೊದಲ
ನನ್ನ ಟೇಪಿಗೆ ಗೊತ್ತಿತ್ತು.
ನಾ ಏನ ಮಾಡಿದೆ?
ಎಡಗಡೆ ಭುಜದಾಗ ಒಂದ ಹಿಡಿ ಹತ್ತಿ ತುಂಬಿದೆ,
ಬಲಗಡೆ ಬೆನ್ನಿಗೆ ಅರ್ಧ ಇಂಚ ಸಡಲ ಬಿಟ್ಟೆ,
ಲಂಗದ ಅಂಚು ಓರೆ ಕತ್ತರಿಸಿ ನೇರ ಕಾಣೂಹಂಗ ಮಾಡಿದೆ.
"ನಿಮ್ಮ ಕೈಯಾಗ ಜಾದೂ ಐತಿ ಜೈತೂನಬಿ" ಅಂತ
ಅವರವ್ವ ಕಸ್ತೂರೆವ್ವ ಇಪ್ಪತ್ತ ರೂಪಾಯಿ ಹೆಚ್ಚಿಗಿ ಕೊಟ್ಟಳು.
ನಾ ತಗೊಂಡೆ.

ಒಂಬತ್ತನೇದಾಗ ಸಾಲಿ ಅಂಗಳದಾಗ
ಪೀಟಿ ಬಾಯಿ ಎಲ್ಲಾರನೂ ಬಗ್ಗಿಸಿದಾಗ ಕಂಡಿತಂತ:
ಸಾಲಿಗೆ ಸಾಲು ಬೆನ್ನು, ಹಲಗಿ ಹಂಗ,
ಇಕೀದಷ್ಟ ಒಂದ ಮಗ್ಗಲಾ ದಿನ್ನಿ ಎದ್ದಿತ್ತು.
ಎಕ್ಸರೇ ತಂದು ನನ್ನ ಬಾಗಲದ ಬೆಳಕಿಗೆ ಹಿಡದ್ರು.
ಪಟ್ಟಾ ಸಡಲಾದ ಮಷೀನು ಹೊಲಿಗಿ ಹಾಕಿದಂಗಿತ್ತು,
ಆಕಡೆ ಹೋಗಿ, ಹೆದರಿ, ಈಕಡೆ ಬಂದಂಗ.

ಮೌನೇಶ ಉದ್ಯಮಬಾಗದಾಗ ಲೇಥ್ ಮ್ಯಾಲಿನ ಮನಶ್ಯಾ.
ಡಾಕ್ಟರು ಕೈಗಿ ಕೊಟ್ಟ ಸ್ಕ್ರೂ ಬೆಳಕಿಗೆ ತಿರುವಿ ತಿರುವಿ
ಉಗುರಿಲೆ ಹಲ್ಲು ಎಣಿಸಿದನಂತ.
"ಟೈಟಾನಿಯಂ ಏನ್ರೀ? ನಮ್ಮ ಟೂಲು ಇದರ ಮುಂದ ಮೊಂಡ ಆಗತಾವು.
ತಲಿ ಆಡತೈತಿ ನೋಡ್ರಿ, ಒಳಗ ಗುಂಡು ಕೂಡ್ರಿಸ್ಯಾರ. ಭಾಳ ಚಂದ ಕೆಲಸ."
ಆಮ್ಯಾಲ ದನಿ ಇಳಿಸಿ,
"ಒಂದ ಓರೆ ಕೂತ್ರ?"
"ಅದಕ್ಕ ನಟ್ಟನಡುವ ಎಬ್ಬಿಸಿ, ಕಾಲಬೆರಳ ಆಡಸು ಅಂತೀವಿ."

ಏಳ ತಾಸು. ಇಪ್ಪತ್ತ ಸ್ಕ್ರೂ, ಎರಡ ಸರಳು.
ಸರಳೂ ನೆಟ್ಟಗ ಇರಲಿಲ್ಲಂತ, ಅಕಿ ಮೈ ನೋಡಿ
ಅಲ್ಲೇ ಕೈಲೆ ಬಗ್ಗಿಸಿದರಂತ ಅಷ್ಟಷ್ಟ.
ನಾ ಆ ದಿನ ಮೂರ ಜಂಪರ ಹೊಲದೆ.
ಮೂರೂ ಬಿಚ್ಚಿದೆ.
ಬೆರಳು ಆಡಿದ್ವು. ಎರಡೂ ಕಾಲಿಂದು.
ಅಕಿಗೆ ನೆನಪಿಲ್ಲ; ಮೌನೇಶ ಮಾತ್ರ
ಕಣ್ಣಾರೆ ಕಂಡಂಗ ಹೇಳಕೋತ ತಿರಗತಾನ.

ಮೂರ ತಿಂಗಳಿಗೆ ಬಂದು ಬಾಗಲದಾಗ ನಿಂತಳು.
ನನ್ನ ಬಾಗಲಾ ಗಿಡ್ಡಾಗಿತ್ತು.
ಹಳೇ ಯೂನಿಫಾರ್ಮ್ ಹಾಕ್ಕೊಂಡಿದ್ಲು:
ಮೈ ನೆಟ್ಟಗ, ಅಂಗಿ ಸೊಟ್ಟ.
ನಾ ಮುಚ್ಚಿಟ್ಟದ್ದೆಲ್ಲಾ ಎಡಭುಜದ ಮ್ಯಾಲ
ಗಂಟಾಗಿ ಎದ್ದ ನಿಂತಿತ್ತು,
ಓಣಿ ಮಂದಿಗೆಲ್ಲಾ ಕಾಣೂಹಂಗ.

"ಹುಡುಗ್ಯಾರು ಬೆನ್ನಿಗೆ ಚುಂಬಕ ಹಚ್ಚಿ ನೋಡಿದ್ರು ಚಾಚಿ,
ಹತ್ತಲೇ ಇಲ್ಲ!" ಅಂತ ನಕ್ಕಳು.
ಮೊದಲಿನಂಗ ನಕ್ಕೋತ ಮುಂದಕ ಬೀಳಲಿಲ್ಲ.

ಟೇಪು ಇಳಬಿಟ್ಟೆ. ಕುತ್ತಿಗಿ ಕೆಳಗಿಂದ ಗೆರಿ,
ಯಾರೋ ಭಾಳ ತಾಳ್ಮಿಲೆ ಹಾಕಿದ ಹೊಲಿಗಿ,
ಒಂದ ಟಾಕಿ ಸೈತ ತಪ್ಪಿಲ್ಲ.
ಎಡ ಹದಿನೈದು. ಬಲ ಹದಿನೈದು.
ನಂಬಿಕಿ ಬರಲಿಲ್ಲ. ಟೇಪು ತಿರುವಿ ಹಿಡಕೊಂಡು ಮತ್ತ ಅಳದೆ.

ಕೈ ನಡುಗಿ ಟಾಚಣಿ ಬಿತ್ತು.
ನಾ ಏಳೂದರಾಗ ಅಕೀನ ಇಳದಳು,
ಬರೇ ಮೊಣಕಾಲ ಮಡಚಿ, ಮ್ಯಾಲಿಂದೆಲ್ಲಾ ಹಂಗ ನೆಟ್ಟಗ,
ಬಾವ್ಯಾಗ ಕೊಡ ಇಳದಂಗ,
ಎತ್ತಿ ನನ್ನ ಅಂಗೈಯಾಗ ಇಟ್ಟಳು.

ನನಗ ಗೊತ್ತಿತ್ತವ್ವಾ, ಅನ್ನಬೇಕಂದೆ,
ಆರನೇದರಾಗಿಂದ ಗೊತ್ತಿತ್ತು.
ಅಕಿ ಕೊಟ್ಟ ಟಾಚಣೀನೂ
ತುಟಿ ನಡುವ ಇಟಗೊಂಡೆ.